ಚರಕ, ಟೇಪು, ಪಹಣಿ

2025ರ ಅಕ್ಟೋಬರ್ 14ರಂದು ವಿಂಡೋಸ್ 10ಕ್ಕೆ ಸಿಗುತ್ತಿದ್ದ ಉಚಿತ ಬೆಂಬಲ ಮುಗಿಯಿತು. ಹಿಂದಿನ ದಿನ ಚೆನ್ನಾಗಿ ಓಡುತ್ತಿದ್ದ ಕಂಪ್ಯೂಟರು ಮರುದಿನವೂ ಓಡಿತು. ಅದರ ತಿರುಪು ಸಡಿಲವಾಗಲಿಲ್ಲ, ತಂತಿ ಸುಡಲಿಲ್ಲ. ಆದರೆ ಮುಂದಿನ ಆವೃತ್ತಿಯಾದ ವಿಂಡೋಸ್ 11 ತನಗೆ ಟಿಪಿಎಂ 2.0 ಎಂಬ ಭದ್ರತಾ ಚಿಪ್ಪು ಇರಲೇಬೇಕು, ಪ್ರೊಸೆಸರು ಹೆಚ್ಚುಕಡಿಮೆ 2018ರಿಂದ ಈಚಿನದಾಗಿರಬೇಕು ಎಂದು ಕೇಳುತ್ತದೆ. ಆ ಎರಡು ಮಾತಿನಿಂದ ದುಡಿಯುವ ಶಕ್ತಿಯಿದ್ದ ಯಂತ್ರಗಳು ರಾಶಿಗಟ್ಟಲೆ ಮುದಿಯಾದವು. ಯಂತ್ರ ಸವೆದು ಮುದಿಯಾಗುವುದು ಬೇರೆ, ಅದರ ಸುತ್ತಲಿನ ವ್ಯವಸ್ಥೆ ಕೈಬಿಟ್ಟದ್ದರಿಂದ ಮುದಿಯಾಗುವುದು ಬೇರೆ. ಎರಡನೆಯದನ್ನು ನಾವು ಕಂಪ್ಯೂಟರ್ ಕಾಲದ ಹೊಸ ಕಷ್ಟವೆಂದುಕೊಂಡಿದ್ದೇವೆ. ಸ್ಕಂದಗಿರಿ ಬೆಟ್ಟದ ಸುತ್ತಮುತ್ತಲಿನ ಸೀಮೆ, ಅಂದರೆ ಚಿಕ್ಕಬಳ್ಳಾಪುರ, ಶಿಡ್ಲಘಟ್ಟ, ಚಿಂತಾಮಣಿ, ಗೌರಿಬಿದನೂರು, ಇದನ್ನು ಬಹಳ ಹಿಂದಿನಿಂದಲೂ ಉಂಡಿದೆ. ಇಲ್ಲಿನ ಚರಿತ್ರೆಯನ್ನು ನೋಡಿದರೆ ನನಗೆ ಒಂದು ಮಾತು ಸ್ಪಷ್ಟವಾಗಿ ಕಾಣುತ್ತದೆ: ಹಳೆಯ ಯಂತ್ರದ ಆಯುಷ್ಯವನ್ನು ತೀರ್ಮಾನಿಸುವುದು ಅದರ ವಯಸ್ಸಲ್ಲ, ಅದನ್ನು ಉಳಿದ ಲೋಕಕ್ಕೆ ಜೋಡಿಸುವ ಕೊಂಡಿ. ಆ ಕೊಂಡಿ ಊರಿನವರ ಕೈಯಲ್ಲಿದ್ದಷ್ಟು ದಿನ ಹಳೆಯದು ಹೊಸದರ ಪಕ್ಕದಲ್ಲೇ ಬದುಕುತ್ತದೆ.

ಮೊದಲಿಗೆ ಶಿಡ್ಲಘಟ್ಟದ ರೇಷ್ಮೆ. ಮೈಸೂರು ಸೀಮೆಗೆ ರೇಷ್ಮೆಹುಳು ಸಾಕಣೆಯನ್ನು ತಂದವನು ಟಿಪ್ಪು ಸುಲ್ತಾನ್. ಅಂದಿನಿಂದ ಗೂಡಿನ ನೂಲು ಬಿಚ್ಚಲು ಇದ್ದ ಸಾಧನ ಚರಕ. ಒಲೆಯ ಮೇಲೊಂದು ಕುದಿನೀರಿನ ಪಾತ್ರೆ, ಅದರಲ್ಲಿ ಗೂಡು. ಬಿಸಿಗೆ ಗೂಡಿನ ಅಂಟು ಮೆತ್ತಗಾಗಿ ಎಳೆ ಸಡಿಲುತ್ತದೆ. ಪಾತ್ರೆಯ ಮುಂದೆ ಕೂತವರು ಹಲವು ಗೂಡುಗಳ ಎಳೆ ಹಿಡಿದು ಕೂಡಿಸಿ, ಸಣ್ಣ ತೂತಿನಲ್ಲಿ ಹಾಯಿಸಿ, ಒಂದಕ್ಕೊಂದು ಹೊಸೆದು, ದೊಡ್ಡ ರಾಟೆಗೆ ಕೊಡುತ್ತಾರೆ. ರಾಟೆ ತಿರುಗಿಸಲು ಇನ್ನೊಬ್ಬರು. ಬೇಯಿಸುವುದೂ ಬಿಚ್ಚುವುದೂ ಒಂದೇ ಪಾತ್ರೆಯಲ್ಲಿ. ಎಳೆ ಎಷ್ಟು ದಪ್ಪ ಎಂಬುದು ಕಣ್ಣಳತೆ, ಬೆರಳಿನ ಅಂದಾಜು. ಮರದ ಚೌಕಟ್ಟನ್ನು ಊರಿನ ಬಡಗಿ ಮಾಡುತ್ತಿದ್ದ, ಕಬ್ಬಿಣದ ಕಡ್ಡಿಯನ್ನು ಕಮ್ಮಾರ ಬಡಿಯುತ್ತಿದ್ದ, ಒಲೆಯನ್ನು ಮನೆಯವರೇ ಕಟ್ಟುತ್ತಿದ್ದರು. ಚರಕದಲ್ಲಿ ಹೊರಗಿನವನೊಬ್ಬ ಬಂದು ಬಿಡಿಸಬೇಕಾದ ಗುಟ್ಟು ಯಾವುದೂ ಇರಲಿಲ್ಲ. ಅದಕ್ಕೆ ತಕ್ಕದ್ದು ಮೈಸೂರು ತಳಿಯ ಗೂಡು: ತುದಿ ಚೂಪಾದ, ಹಸಿರುಗಂದು ಹಳದಿಯ, ಎಳೆ ನಾನೂರು ಮೀಟರಿನ ಆಸುಪಾಸಿಗೇ ಮುಗಿದುಹೋಗುವ ಸಣ್ಣ ಗೂಡು. ಎಳೆ ಬೇಗ ಬೇಗ ಕಡಿಯುವ, ಗಾತ್ರದಲ್ಲಿ ಏರುಪೇರಿರುವ ಆ ಗೂಡಿಗೆ ತಾಳ್ಮೆಯ ಬೆರಳೇ ಬೇಕಿತ್ತು. ಗೂಡೂ ಯಂತ್ರವೂ ಒಂದನ್ನೊಂದು ನೋಡಿಕೊಂಡು ಬೆಳೆದಿದ್ದವು.

ಮೇಲ್ದರ್ಜೆಗೆ ಏರಿಸುವ ಪ್ರಯತ್ನ ಇಪ್ಪತ್ತನೆಯ ಶತಮಾನದ ಆರಂಭದ ಹೊತ್ತಿಗೇ ಶುರುವಾಗಿತ್ತು. ಜಮ್‌ಶೆಟ್‌ಜಿ ಟಾಟಾ ಬೆಂಗಳೂರಿನಲ್ಲಿ ಜಪಾನಿ ಪದ್ಧತಿಯ ರೇಷ್ಮೆ ತೋಟ ಮಾಡಿಸಿದರು. ಮೈಸೂರು ಸರ್ಕಾರ ಇಟಲಿಯ ತಜ್ಞ ವಾಷಿಂಗ್ಟನ್ ಮಾರಿಯವರನ್ನು ಕರೆಸಿಕೊಂಡಿತು. ಮುಂದೆ ಬಂದದ್ದು ಕಾಟೇಜ್ ಬೇಸಿನ್. ಇದರಲ್ಲಿ ಗೂಡು ಬೇಯಿಸುವ ಜಾಗ ಬೇರೆ, ಬಿಚ್ಚುವ ಜಾಗ ಬೇರೆ. ನೂಲನ್ನು ಮೊದಲು ಸಣ್ಣ ರಾಟೆಗೆ ಸುತ್ತಿ, ಮತ್ತೆ ದೊಡ್ಡದಕ್ಕೆ ಮರುಸುತ್ತು ಹಾಕಬೇಕು. ಆಮೇಲೆ ಒಬ್ಬರೇ ಹತ್ತು ಎಳೆ ನೋಡಿಕೊಳ್ಳುವ ಮಲ್ಟಿಎಂಡ್ ಬಂತು. ಒಂದೊಂದು ಹೆಜ್ಜೆಗೂ ನೂಲಿನ ಗುಣ ಏರಿತು, ಒಂದೊಂದು ಹೆಜ್ಜೆಗೂ ಯಂತ್ರ ಕೇಳುವ ಗೂಡಿನ ಮಟ್ಟವೂ ಏರಿತು. ಮೈಸೂರಿನ ಕೇಂದ್ರೀಯ ರೇಷ್ಮೆ ಸಂಶೋಧನೆ ಮತ್ತು ತರಬೇತಿ ಸಂಸ್ಥೆ ಜಪಾನಿನ ಜೈಕಾ ನೆರವಿನಿಂದ 1991ರಲ್ಲಿ ಆರಂಭಿಸಿದ ಕೆಲಸದಿಂದ ಸಿಎಸ್‌ಆರ್ ಹೆಸರಿನ ದ್ವಿತಳಿ ಹುಳುಗಳು ಬಂದವು. ಬಿಳಿ ಗೂಡು, ಸಾವಿರ ಮೀಟರಿನ ಆಸುಪಾಸಿನ ಎಳೆ, ಒಂದೇ ಸಮನಾದ ಗಾತ್ರ. ಈ ಗೂಡಿಗೆಂದೇ ಇರುವುದು ಸ್ವಯಂಚಾಲಿತ ಬಿಚ್ಚಾಣಿಕೆ ಯಂತ್ರ, ಊರಿನವರ ಬಾಯಲ್ಲಿ ಎಆರ್‌ಎಂ. ನಾನೂರು ಎಳೆಗಳ ಒಂದು ಸಾಲು. ಎಳೆ ತೆಳುವಾದದ್ದನ್ನು ಯಂತ್ರವೇ ಅರಿತು ಹೊಸ ಗೂಡು ಸೇರಿಸಿಕೊಳ್ಳುತ್ತದೆ. ಚರಕದ ಮುಂದೆ ಕೂತವರ ಬೆರಳಿಗಿದ್ದ ತಿಳಿವಳಿಕೆ ಈಗ ಯಂತ್ರದೊಳಗಿನ ಅಳತೆಗೋಲಿಗೆ ಹೋಯಿತು. ಆದರೆ ಆ ಅಳತೆಗೋಲು ಮೈಸೂರು ತಳಿಯ ಬೆರಕೆಯಾದ ಏರುಪೇರಿನ ಮಿಶ್ರತಳಿ ಗೂಡನ್ನು ಸಲೀಸಾಗಿ ಒಪ್ಪುವುದಿಲ್ಲ. ಕಂಪ್ಯೂಟರಿನ ಮಾತಿನಲ್ಲಿ ಹೇಳಿದರೆ, ಹೊಸ ವ್ಯವಸ್ಥೆ ಹಳೆಯ ಗೂಡಿಗೂ ಹಳೆಯ ಚರಕಕ್ಕೂ ಬೆಂಬಲ ನಿಲ್ಲಿಸಿದೆ.

ಹೀಗಿದ್ದೂ ಚರಕ ಒಂದೇ ಏಟಿಗೆ ಸಾಯಲಿಲ್ಲ. ಸಂಖ್ಯೆ ಕುಗ್ಗಿದ್ದು ನಿಜ, ಆದರೆ ಕಾಟೇಜ್ ಬೇಸಿನ್ ಬಂದು ದಶಕಗಳಾದ ಮೇಲೂ ಎರಡೂ ಒಂದೇ ಬೀದಿಯಲ್ಲಿ ದುಡಿದವು. ಕಾರಣ ಹಳೆಯದರ ಮೇಲಿನ ಮೋಹವೆಂದು ನನಗೆ ಅನ್ನಿಸುವುದಿಲ್ಲ. ಚರಕ ತನ್ನ ಕೆಲಸ ಬದಲಿಸಿಕೊಂಡಿತು. ಮಗ್ಗದ ಹಾಸಿಗೆ ಗಟ್ಟಿಯಾದ, ಒಂದೇ ಸಮನಾದ ಫಿಲೇಚರ್ (ಬಿಚ್ಚಾಣಿಕೆ ಕಾರ್ಖಾನೆಯ) ನೂಲು ಬೇಕು. ಹೊಕ್ಕಿಗೆ ಚರಕದ ಗಂಟುಗಂಟು ನೂಲೂ ಆಗುತ್ತದೆ. ಎರಡು ಹುಳು ಸೇರಿ ಕಟ್ಟಿದ ಜೋಡಿಗೂಡು, ತೆಳು ಗೂಡು, ಕಲೆಬಿದ್ದ ಗೂಡು ಇವನ್ನು ಒಳ್ಳೆಯ ಯಂತ್ರ ಆಚೆ ತಳ್ಳುತ್ತದೆ. ಚರಕ ಅವುಗಳಿಂದಲೂ ನೂಲು ತೆಗೆಯುತ್ತದೆ. ಜೋಡಿಗೂಡಿನ ಸಿಕ್ಕುಸಿಕ್ಕು ಎಳೆಯಿಂದಲೇ ಡುಪಿಯಾನ್ ಎಂಬ ಬಟ್ಟೆ ಹುಟ್ಟಿ ಮಾರುಕಟ್ಟೆ ಗಳಿಸಿತು. ಚರಕದ ತ್ಯಾಜ್ಯಕ್ಕೆ ಜೊಟ್ಟು ಎಂಬ ಹೆಸರಿದೆ, ಅದಕ್ಕೂ ಕೊಳ್ಳುವವರಿದ್ದಾರೆ, ಒಳಗಿನ ಸತ್ತ ಹುಳುವಿಗೂ ಇದ್ದಾರೆ. ಇದೆಲ್ಲ ಸಾಧ್ಯವಾದದ್ದು ಗೂಡಿನ ಮಾರುಕಟ್ಟೆಯಿಂದ. 1959ರ ಕಾಯ್ದೆಯ ಅಡಿಯಲ್ಲಿ ರೂಪುಗೊಂಡ ಸರ್ಕಾರಿ ಮಾರುಕಟ್ಟೆಯಲ್ಲಿ ಗೂಡು ಲಾಟು ಲಾಟಾಗಿ ಬಹಿರಂಗ ಹರಾಜಿಗೆ ಬರುತ್ತದೆ. ಮೇಲ್ತರದ ಲಾಟಿಗೂ ಕೂಗುವವರುಂಟು, ಕಳಪೆ ಲಾಟಿಗೂ ಉಂಟು. ಬೆಳೆಗಾರ, ನೂಲು ಬಿಚ್ಚಿಸುವ ರೀಲರ್, ಬಡಗಿ, ಜೊಟ್ಟಿನ ವ್ಯಾಪಾರಿ ಎಲ್ಲರೂ ನಡೆದು ಹೋಗುವಷ್ಟು ದೂರದಲ್ಲಿದ್ದರು. ಕೊಂಡಿ ಊರಿನಲ್ಲಿತ್ತು ಎಂದು ನಾನು ಹೇಳುವುದು ಇದನ್ನೇ. ಕೊಂಡಿ ಊರಾಚೆ ಹೋದರೆ ಏನಾಗುತ್ತದೆ ಎಂಬುದಕ್ಕೂ ಇಲ್ಲೇ ಸಾಕ್ಷಿಯಿದೆ. 2011ರ ಕೇಂದ್ರ ಬಜೆಟ್ಟಿನಲ್ಲಿ ಕಚ್ಚಾ ರೇಷ್ಮೆಯ ಆಮದು ಸುಂಕ ಶೇಕಡ 30ರಿಂದ 5ಕ್ಕೆ ಇಳಿಯಿತು. ಗೂಡಿನ ಬೆಲೆ ಕುಸಿಯಿತು. ದೆಹಲಿಯ ಆ ಒಂದು ಸಾಲಿನ ಎದುರು ಚರಕದವರ ಜಾಣ್ಮೆಯೂ ಬೇಸಿನ್‌ನವರ ಬಂಡವಾಳವೂ ಒಂದೇ ರೀತಿ ಅಸಹಾಯಕವಾದವು.

ಇನ್ನು ಗೌರಿಬಿದನೂರಿಗೆ ಬರೋಣ. ಇಲ್ಲಿನ ಕಥೆ ಕಂಪ್ಯೂಟರಿಗೆ ಇನ್ನೂ ಹತ್ತಿರದ್ದು, ಆದರೂ ಇದರ ಬಗ್ಗೆ ಕನ್ನಡದಲ್ಲಿ ಮಾತು ಕಡಿಮೆ. 1963ರ ಭಾಗಶಃ ಪರೀಕ್ಷಾ ನಿಷೇಧ ಒಪ್ಪಂದ ವಾತಾವರಣ, ಬಾಹ್ಯಾಕಾಶ ಮತ್ತು ನೀರಿನೊಳಗಿನ ಅಣುಸ್ಫೋಟಗಳನ್ನು ತಡೆಯಿತು; ನೆಲದೊಳಗಿನದನ್ನು ಬಿಟ್ಟಿತು. ಹಾಗಾಗಿ ನೆಲದ ನಡುಕವನ್ನು ಓದಿ, ಇದು ಭೂಕಂಪವೋ ಬಾಂಬೋ ಎಂದು ಹೇಳುವ ವಿದ್ಯೆಗೆ ಬೆಲೆ ಬಂತು. ಬ್ರಿಟನ್ನಿನ ಅಣುಶಕ್ತಿ ಸಂಸ್ಥೆಯ ಮಾದರಿಯಲ್ಲಿ ನಾಲ್ಕು ಕಡೆ ಕಂಪನಮಾಪಕಗಳ ಜಾಲ ನೆಟ್ಟರು: ಸ್ಕಾಟ್ಲೆಂಡಿನ ಎಸ್ಕ್‌ಡೇಲ್‌ಮ್ಯೂರ್, ಕೆನಡಾದ ಯಲೋನೈಫ್, ಆಸ್ಟ್ರೇಲಿಯಾದ ವಾರಮುಂಗ, ಮತ್ತು ನಮ್ಮ ಗೌರಿಬಿದನೂರು. 1960ರ ದಶಕದ ಮಧ್ಯದಲ್ಲಿ ಮುಂದೆ ಭಾಭಾ ಅಣು ಸಂಶೋಧನಾ ಕೇಂದ್ರವೆಂದು ಹೆಸರಾದ ಸಂಸ್ಥೆ ಇಲ್ಲಿ ನೆಲೆಯೂರಿತು. ಕೋಟ್ಯಂತರ ವರ್ಷಗಳಿಂದ ಅಲುಗದೆ ಕೂತ ಈ ಸೀಮೆಯ ಗಟ್ಟಿ ಬಂಡೆ ದೂರದ ಸಣ್ಣ ನಡುಕವನ್ನೂ ಕಲಬೆರಕೆಯಿಲ್ಲದೆ ತರುತ್ತದೆ. ಇಪ್ಪತ್ತು ಮಾಪಕಗಳನ್ನು ಮೈಲುಗಟ್ಟಲೆ ಉದ್ದದ ಎರಡು ತೋಳುಗಳಾಗಿ ಹೊಲ ಗುಡ್ಡಗಳ ನಡುವೆ ಹರಡಿದರು. ರಾಗಿ ಹೊಲದ ಬದುವಿನಲ್ಲಿ ಕೂತ ಪೆಟ್ಟಿಗೆ ಸಾವಿರಾರು ಮೈಲಿ ಆಚೆಯ ಸ್ಫೋಟವನ್ನು ಕೇಳುತ್ತಿತ್ತು.

ಕೇಳಿದ್ದನ್ನು ಬರೆದಿಟ್ಟದ್ದು ಅಂಗುಲ ಅಗಲದ ಕಾಂತೀಯ ಟೇಪಿನ ಮೇಲೆ. ಒಂದೇ ಟೇಪಿನಲ್ಲಿ ಇಪ್ಪತ್ತನಾಲ್ಕು ಜಾಡು. ಕಂಪನವು ಅಂಕಿಯಾಗಿ ಕೂರದೆ ಆವರ್ತನದ ಏರಿಳಿತವಾಗಿ ಕೂತಿರುತ್ತಿತ್ತು. ಡಿಜಿಟಲ್ ದಾಖಲಾತಿ ಬಂದ ಮೇಲೆ ಮಾಪಕಗಳು ಮುಂದೆ ನಡೆದವು, ಟೇಪು ಹಿಂದೆ ಉಳಿಯಿತು. ಟೇಪು ಹಾಳಾಗದಿದ್ದರೂ ಅದನ್ನು ಓದಲು ಅದೇ ಇಪ್ಪತ್ತನಾಲ್ಕು ಜಾಡಿನ ತಲೆ, ಅದೇ ವೇಗದ ಯಂತ್ರ, ಆವರ್ತನವನ್ನು ಮತ್ತೆ ಅಲೆಯಾಗಿಸುವ ಅದೇ ಮಂಡಲ ಬೇಕು. ಅವನ್ನು ತಯಾರಿಸುವವರು ನಿಲ್ಲಿಸಿದ ದಿನ ಟೇಪು ಮೂಕವಾಗತೊಡಗುತ್ತದೆ. ಬ್ರಿಟನ್ನಿನ ಬ್ಲ್ಯಾಕ್‌ನೆಸ್ಟ್ ಕೇಂದ್ರದಲ್ಲಿ ಈ ಜಾಲಗಳ ಹಳೆಯ ಟೇಪುಗಳಿಂದ ಅಣುಸ್ಫೋಟಗಳ ದಾಖಲೆಗಳನ್ನು ಡಿಜಿಟಲ್ ರೂಪಕ್ಕೆ ತಂದರು. ನೆಲದೊಳಗಿನ ಸ್ಫೋಟದ ಅಲೆ ಇಷ್ಟು ದೂರದಲ್ಲಿ ಹೇಗೆ ಕಾಣುತ್ತದೆಂದು ತಿಳಿಯಲು ಆ ಹಳೆಯ ಸ್ಫೋಟಗಳನ್ನು ಯಾರೂ ಮತ್ತೆ ನಡೆಸಲಾರರು. ಟೇಪಿನಲ್ಲಿ ಇದ್ದದ್ದೇ ಇದ್ದದ್ದು. ಅದೇ ಕಾಲದಲ್ಲಿ, 1966–67ರಲ್ಲಿ, ಅಮೆರಿಕದ ನಾಸಾ ಸಂಸ್ಥೆಯ ಲೂನಾರ್ ಆರ್ಬಿಟರ್ ನೌಕೆಗಳು ಚಂದ್ರನ ಚಿತ್ರ ಕಳಿಸಿದವು, ಅವೂ ಟೇಪಿಗೇ ಹೋದವು. ಅವನ್ನು ಓದುವ ಆಂಪೆಕ್ಸ್ ಯಂತ್ರಗಳನ್ನು ನ್ಯಾನ್ಸಿ ಇವಾನ್ಸ್ ಎಂಬ ದಾಖಲೆಗಾರ್ತಿ ವರ್ಷಗಟ್ಟಲೆ ತನ್ನ ಮನೆಯ ಗ್ಯಾರೇಜಿನಲ್ಲಿ ಕಾದಿಟ್ಟಳು. 2008ರಲ್ಲಿ ಅವನ್ನು ರಿಪೇರಿ ಮಾಡಿ ಚಿತ್ರಗಳನ್ನು ಹಿಂದಿಗಿಂತ ಸ್ಪಷ್ಟವಾಗಿ ಹೊರತೆಗೆದರು. ಒಂದು ಬಾಹ್ಯಾಕಾಶ ಸಂಸ್ಥೆಯ ನೆನಪು ಒಬ್ಬ ಹೆಣ್ಣುಮಗಳ ಗ್ಯಾರೇಜಿನಲ್ಲಿ ಉಳಿಯಿತೆಂಬುದು ಹೆಮ್ಮೆಯ ಸಂಗತಿಯೂ ಹೌದು, ಹೆದರಿಕೆಯ ಸಂಗತಿಯೂ ಹೌದು.

ಚರಕಕ್ಕೂ ಟೇಪಿಗೂ ಇರುವ ವ್ಯತ್ಯಾಸ ಇಲ್ಲಿದೆ. ಚರಕ ಕೆಲಸದ ಸಾಧನ. ಅದು ಹೋದರೆ ಅದು ತೆಗೆದ ನೂಲು ಹೋಗುವುದಿಲ್ಲ, ಸೀರೆ ಸೀರೆಯಾಗಿಯೇ ಇರುತ್ತದೆ. ಟೇಪಿನ ಯಂತ್ರ ಹೋದರೆ ಟೇಪಿನೊಳಗಿನದೂ ಹೋಗುತ್ತದೆ. ಕಂಪ್ಯೂಟರಿನಲ್ಲಿ ಈ ಎರಡೂ ಸೇರಿಕೊಂಡಿವೆ: ಅದು ಚರಕವೂ ಹೌದು, ಟೇಪೂ ಹೌದು. ಆದ್ದರಿಂದ ಹೊಸ ಆವೃತ್ತಿ ಹಳೆಯ ಯಂತ್ರವನ್ನು ಕೈಬಿಟ್ಟಾಗ ಮೊದಲು ಕೇಳಬೇಕಾದ್ದು ಯಂತ್ರವನ್ನು ಉಳಿಸಿಕೊಳ್ಳುವುದು ಹೇಗೆ ಎಂದಲ್ಲ, ಅದರೊಳಗಿನದನ್ನು ಇನ್ನೊಂದು ಯಂತ್ರ ಓದುತ್ತದೆಯೇ ಎಂದು. ಓದುವುದು ಖಚಿತವಾದ ಮೇಲೆ ಹಳೆಯ ಯಂತ್ರಕ್ಕೆ ಯಾವ ಚಾಕರಿ ಕೊಡಬಹುದೆಂಬುದು ಎರಡನೆಯ ಪ್ರಶ್ನೆ. ಈ ಅನುಕ್ರಮ ತಪ್ಪಿದರೆ ಏನಾಗುತ್ತದೆ, ಸರಿಯಾದರೆ ಏನಾಗುತ್ತದೆ ಎಂಬುದನ್ನು ಇಲ್ಲಿನ ತಾಲ್ಲೂಕು ಕಚೇರಿಗಳೂ ಕನ್ನಡದ ಫಾಂಟುಗಳೂ ತೋರಿಸುತ್ತವೆ.

ತಾಲ್ಲೂಕು ಕಚೇರಿಗೆ ಕಂಪ್ಯೂಟರು ಬಂದಾಗ ಈ ಸೀಮೆ ಇನ್ನೂ ಕೋಲಾರ ಜಿಲ್ಲೆಯಲ್ಲಿತ್ತು. ಚಿಕ್ಕಬಳ್ಳಾಪುರ ಪ್ರತ್ಯೇಕ ಜಿಲ್ಲೆಯಾದದ್ದು 2007ರಲ್ಲಿ. 2000ದ ಆಸುಪಾಸಿನಲ್ಲಿ ಬಂದ ‘ಭೂಮಿ’ ಯೋಜನೆ ರಾಜ್ಯದ 177 ತಾಲ್ಲೂಕುಗಳಲ್ಲಿ ಸುಮಾರು ಎರಡು ಕೋಟಿ ಪಹಣಿಗಳನ್ನು ಕಂಪ್ಯೂಟರಿಗೆ ಏರಿಸಿತು. ತಾಲ್ಲೂಕಿನಲ್ಲಿ ಕೇಂದ್ರ ತೆರೆದ ಮೇಲೆ ಗ್ರಾಮಲೆಕ್ಕಿಗರು ಕೈಯಲ್ಲಿ ಬರೆದುಕೊಡುತ್ತಿದ್ದ ಪಹಣಿಗೆ ಮಾನ್ಯತೆ ಹೋಯಿತು. ಆಗ 15 ರೂಪಾಯಿ ಕೊಟ್ಟು ಪಡೆಯುತ್ತಿದ್ದ ಮುದ್ರಿತ ಪ್ರತಿಯೇ ಪಹಣಿಯಾಯಿತು. ಹಳೆಯ ಸಾಧನಕ್ಕೆ ಇಷ್ಟು ಖಡಾಖಂಡಿತವಾಗಿ ಬೆಂಬಲ ನಿಲ್ಲಿಸಿದ್ದು ಕಡಿಮೆ. ಆದರೂ ಅದು ನಡೆಯಿತು, ಏಕೆಂದರೆ ನಿಲ್ಲಿಸುವ ಮೊದಲು ಒಳಗಿನದನ್ನು ಹೊಸ ಕಡೆಗೆ ದಾಟಿಸಿದ್ದರು, ಎರಡು ದಡವೂ ಸರ್ಕಾರದ್ದೇ ಆಗಿತ್ತು. ದಾಟಿಸುವಾಗ ತಪ್ಪಿದ ಹೆಸರು, ಸರ್ವೆ ನಂಬರು, ವಿಸ್ತೀರ್ಣಗಳಿಗಾಗಿ ರೈತರು ತಿದ್ದುಪಡಿಗೆ ಅಲೆದದ್ದನ್ನು ಮರೆಯಬಾರದು. ಆ ತಿದ್ದುಪಡಿಗಳಿಗೆ ಆಧಾರವಾದದ್ದು ಹಳೆಯ ಕೈಬರಹದ ಪುಸ್ತಕಗಳು. ಅವನ್ನು ಅಂದೇ ಸುಟ್ಟಿದ್ದರೆ ತಪ್ಪೇ ಸತ್ಯವಾಗಿ ಉಳಿಯುತ್ತಿತ್ತು.

ಕನ್ನಡ ಅಕ್ಷರದ ವಿಷಯದಲ್ಲಿ ನಾವು ಇಷ್ಟು ಜಾಗ್ರತೆ ತೋರಲಿಲ್ಲ. 1980ರ ದಶಕದ ಕೊನೆಗೆ ಪುಣೆಯ ಸಿ-ಡ್ಯಾಕ್ ಕಂಪ್ಯೂಟರಿನೊಳಗೆ ಸಿಕ್ಕಿಸುವ ಜಿಸ್ಟ್ ಕಾರ್ಡ್ ತಂದಿತು. ಭಾರತೀಯ ಲಿಪಿ ಮೂಡಿಸಲು ಒಂದು ಯಂತ್ರಭಾಗವೇ ಬೇಕಿದ್ದ ಕಾಲ ಅದು. ವಿಂಡೋಸ್ ಬಂದು, ಆ ಕಾರ್ಡು ಕೂರುವ ಕಿಂಡಿಯೇ ಮದರ್‌ಬೋರ್ಡಿನಿಂದ ಮಾಯವಾದ ಮೇಲೆ ಕಾರ್ಡೂ ಹೋಯಿತು. 1998ರಲ್ಲಿ ಶೇಷಾದ್ರಿ ವಾಸು ‘ಬರಹ’ವನ್ನು ಉಚಿತವಾಗಿ ಕೊಟ್ಟರು, ಆಮೇಲೆ ಕನ್ನಡ ಗಣಕ ಪರಿಷತ್ತಿನ ‘ನುಡಿ’ ಬಂತು. ಇವು ಬರದಿದ್ದರೆ ಕಚೇರಿ, ಪತ್ರಿಕೆ, ಅಚ್ಚುಮನೆಗಳಲ್ಲಿ ಕನ್ನಡ ಇಷ್ಟು ಬೇಗ ಕಂಪ್ಯೂಟರಿಗೆ ಏರುತ್ತಿರಲಿಲ್ಲ, ಆ ಋಣ ದೊಡ್ಡದು. ಆದರೆ ಆಗಿನ ಪದ್ಧತಿಯಲ್ಲಿ ಇಂಗ್ಲಿಷ್ ಅಕ್ಷರಗಳ ಸಂಕೇತಕ್ಕೆ ಕನ್ನಡದ ಚೂರುಗಳನ್ನು ತೊಡಿಸಿದ್ದರು; ಫಾಂಟು ಇಲ್ಲದ ಯಂತ್ರದಲ್ಲಿ ತೆರೆದರೆ ಅರ್ಥವಿಲ್ಲದ ಇಂಗ್ಲಿಷ್ ಅಕ್ಷರಗಳ ರಾಶಿ. ಯುನಿಕೋಡ್‌ನಲ್ಲಿ ಕನ್ನಡಕ್ಕೆ ಜಾಗ 1991ರಲ್ಲೇ ಸಿಕ್ಕಿತ್ತು, 2001ರ ವಿಂಡೋಸ್ ಎಕ್ಸ್‌ಪಿ ಅದನ್ನು ತೋರಿಸತೊಡಗಿತು. ಅದರ ಮೊದಲಿನ ವಿಂಡೋಸ್ 98ರ ಯಂತ್ರ ಇಟ್ಟುಕೊಂಡವರಿಗೆ ಈ ಬಾಗಿಲು ತೆರೆಯಲಿಲ್ಲ. ಪೇಜ್‌ಮೇಕರ್‌ನ ಕೊನೆಯ ಆವೃತ್ತಿಯೂ 2001ರದೇ. ಅದಕ್ಕೂ ಯುನಿಕೋಡ್ ಕನ್ನಡಕ್ಕೂ ಎಂದೂ ಹೊಂದಲಿಲ್ಲ. ಅಚ್ಚಿನ ಕೆಲಸದವರು ಹಳೆಯ ಯಂತ್ರ, ಹಳೆಯ ವಿಂಡೋಸು, ಹಳೆಯ ಫಾಂಟುಗಳನ್ನು ವರ್ಷಗಟ್ಟಲೆ ಬಿಡದೆ ಹಿಡಿದದ್ದಕ್ಕೆ ಸೋಮಾರಿತನ ಕಾರಣವೆನ್ನುವುದು ಅನ್ಯಾಯ. ಅವರ ಹತ್ತು ಹದಿನೈದು ವರ್ಷಗಳ ದುಡಿಮೆ ಆ ಸಂಕೇತದಲ್ಲಿ ಕೂತಿತ್ತು. ಅವರನ್ನು ಬಿಡಿಸಿದ್ದು ಪರಿವರ್ತಕ ತಂತ್ರಾಂಶಗಳು: ಹಳೆಯ ಸಂಕೇತವನ್ನು ಯುನಿಕೋಡ್‌ಗೆ ದಾಟಿಸುವ, ಎರಡೂ ಸಂಕೇತವ್ಯವಸ್ಥೆಗಳನ್ನು ಬಲ್ಲ ಕನ್ನಡಿಗರೇ ಬರೆದ ಸಣ್ಣ ಸಣ್ಣ ಸೇತುವೆಗಳು.

ಹಳೆಯದಕ್ಕೂ ಬದುಕಲು ಜಾಗ ಬೇಕೆಂಬ ಈ ವಾದಕ್ಕೆ ಬರುವ ಮೊದಲ ಆಕ್ಷೇಪ ಭದ್ರತೆಯದು. ಹಳೆಯ ತಂತ್ರಾಂಶದಲ್ಲಿ ಕಂಡುಬಂದ ಬಿರುಕನ್ನು ಮುಚ್ಚುವವರಿಲ್ಲದಿದ್ದರೆ ಅದು ಕಳ್ಳನಿಗೆ ತೆರೆದ ಬಾಗಿಲು. ಹಾಗಿರುವಾಗ ಹಳೆಯದನ್ನು ಉಳಿಸಿ ಎನ್ನುವುದು ಹೊಣೆಗೇಡಿತನವಲ್ಲವೇ? ಆಕ್ಷೇಪ ಗಟ್ಟಿಯಾಗಿದೆ. ಬ್ಯಾಂಕು, ಆಸ್ಪತ್ರೆ, ಭೂದಾಖಲೆಗಳ ಕಂಪ್ಯೂಟರಿನಲ್ಲಿ ಬೆಂಬಲವಿಲ್ಲದ ವ್ಯವಸ್ಥೆ ಇರಕೂಡದು ಎಂದೇ ನಾನೂ ಹೇಳುತ್ತೇನೆ. ಆದರೆ ಇದು ಹಳೆಯ ತಂತ್ರಾಂಶದ ಮೇಲಿನ ಆಕ್ಷೇಪ. ಅದನ್ನು ಹಳೆಯ ಯಂತ್ರದ ತಲೆಗೆ ಕಟ್ಟುವುದು ತಪ್ಪು. ಅದೇ ಯಂತ್ರಕ್ಕೆ ಹಗುರವಾದ ಲಿನಕ್ಸ್ ಕಾರ್ಯವ್ಯವಸ್ಥೆ ಹಾಕಿದರೆ ತಂತ್ರಾಂಶದ ಬಿರುಕು ಮುಚ್ಚುವ ಇಂದಿನ ಪರಿಷ್ಕರಣೆಗಳೇ ಸಿಗುತ್ತವೆ. ಕೇರಳದ ಸರ್ಕಾರಿ ಶಾಲೆಗಳು 2000ರ ದಶಕದಲ್ಲೇ ಗ್ನು/ಲಿನಕ್ಸ್ ಕಡೆಗೆ ಹೊರಳಿದವು. ಕಾಸರಗೋಡಿನ ಕನ್ನಡ ಮಾಧ್ಯಮದ ಮಕ್ಕಳು ಕಂಪ್ಯೂಟರು ಕಲಿಯುವುದು ಅದರಲ್ಲೇ. ಲಿನಕ್ಸೂ ಹಳೆಯದನ್ನು ಬಿಡುವುದಿಲ್ಲವೆಂದೇನಲ್ಲ. 2012ರಲ್ಲಿ ಅದು 386 ಪ್ರೊಸೆಸರಿಗೆ ವಿದಾಯ ಹೇಳಿತು, ಆಮೇಲೆ ಅದರದೇ ಒಂದು ರೂಪವಾದ ಉಬುಂಟು 32 ಬಿಟ್ಟಿನ ಹೊಸ ಆವೃತ್ತಿ ನಿಲ್ಲಿಸಿತು. ಆದರೆ ಅಲ್ಲಿ ಮೂಲಸಂಕೇತ ಎಲ್ಲರ ಮುಂದಿದೆ; ಒಬ್ಬರು ಬಿಟ್ಟದ್ದನ್ನು ಇನ್ನೊಬ್ಬರು ಎತ್ತಿಕೊಳ್ಳಲು ಅಡ್ಡಿಯಿಲ್ಲ. ಬಡಗಿಗೆ ಚರಕ ಹೇಗೋ, ಬಲ್ಲವನಿಗೆ ಅದು ಹಾಗೆ.

ಎರಡನೆಯ ಆಕ್ಷೇಪ ನನ್ನನ್ನು ಹೆಚ್ಚು ಕಾಡುತ್ತದೆ. ಚರಕವನ್ನು ಹೊಗಳುವುದು ಸುಲಭ, ಅದರ ಮುಂದೆ ಕೂರುವುದು ಕಷ್ಟ. ಕುದಿನೀರಲ್ಲಿ ಅದ್ದಿ ಅದ್ದಿ ಬೆಂದ ಬೆರಳು, ಒಲೆಯ ಹೊಗೆ, ಸತ್ತ ಹುಳುವಿನ ನಾತ, ತಿರುಗಿಸುವ ಕೆಲಸಕ್ಕೆ ಕೂರಿಸಿದ ಮಕ್ಕಳು, ಇವೂ ಈ ಕಸುಬಿನ ಚರಿತ್ರೆಯೇ. ರೇಷ್ಮೆ ಉದ್ಯಮದಲ್ಲಿ ಜೀತಕ್ಕಿದ್ದ ಮಕ್ಕಳ ಬಗ್ಗೆ ಹ್ಯೂಮನ್ ರೈಟ್ಸ್ ವಾಚ್ ಸಂಸ್ಥೆ 2003ರಲ್ಲಿ ವರದಿ ಮಾಡಿದಾಗ ಕರ್ನಾಟಕದ ಹೆಸರೂ ಅದರಲ್ಲಿತ್ತು. ಎಆರ್‌ಎಂ ಆ ಬೆರಳುಗಳನ್ನು ಕುದಿನೀರಿನಿಂದ ಎತ್ತಿತು. ಅದನ್ನು ಬೇಡವೆನ್ನುವ ಹಕ್ಕು ನನಗಿಲ್ಲ. ಹೊಸದು ಬರಲಿ ಎಂಬುದೇ ನನ್ನ ಮಾತೂ. ನನ್ನ ತಕರಾರು ಬರುವ ಬಗೆಯ ಮೇಲೆ. ಒಂದು ಎಆರ್‌ಎಂ ಘಟಕಕ್ಕೆ ಬೇಕಾದ ಬಂಡವಾಳ, ವಿದ್ಯುತ್ತು, ಮೆದು ನೀರು ಎರಡು ಚರಕದ ಮನೆಯವರಿಗೆ ಎಟುಕುವಂಥದ್ದಲ್ಲ. ಸಹಾಯಧನವಿದ್ದರೂ ಉಳಿದ ಪಾಲು ತುಂಬಲಾಗದು. ಕೊಳವೆಬಾವಿ ಸಾವಿರ ಅಡಿ ದಾಟಿದ ಈ ಸೀಮೆಯಲ್ಲಿ ನೀರೊಂದೇ ಸಾಕು ಲೆಕ್ಕ ತಪ್ಪಿಸಲು. ಕಂಪ್ಯೂಟರಿನಲ್ಲೂ ಹಾಗೆಯೇ: ಬದಲಿಸಬೇಕೆಂಬ ತೀರ್ಮಾನ ಒಂದು ಕಡೆ, ಬದಲಿಸುವ ಖರ್ಚು ಇನ್ನೊಂದು ಕಡೆ, ಬಿಸಾಕಿದ ಯಂತ್ರದ ಸೀಸ ಪಾದರಸ ಮೂರನೆಯವರ ಮಣ್ಣಿನಲ್ಲಿ. ಬೆಂಗಳೂರಿನ ಪಕ್ಕದ ದಾಬಸ್‌ಪೇಟೆಯಲ್ಲಿ 2005ರಲ್ಲೇ ಇ-ಪರಿಸರ ಎಂಬ ಅಧಿಕೃತ ಇ-ತ್ಯಾಜ್ಯ ಘಟಕ ಶುರುವಾಯಿತು, 2012ರಿಂದ ತಯಾರಕರ ಮೇಲೆ ಹೊಣೆ ಹೊರಿಸುವ ನಿಯಮವೂ ಜಾರಿಯಲ್ಲಿದೆ. ಆ ಹೊಣೆ ಯಂತ್ರ ಕಸವಾದ ಮೇಲೆ ಶುರುವಾಗುತ್ತದೆ. ಕಸವಾಗದಂತೆ ನೋಡಿಕೊಳ್ಳುವ ಹೊಣೆಯೂ ಅವರದೇ ಎನ್ನುವ ಮಾತು ನಿಯಮದಲ್ಲಿ ಗಟ್ಟಿಯಾಗಿ ಬರಬೇಕಿದೆ.

ಮಾಡಿದವರು ಎಷ್ಟು ಕಾಲ ತಾನೇ ಬೆಂಬಲ ಕೊಟ್ಟಾರು ಎಂಬ ಪ್ರಶ್ನೆಯೂ ಉಳಿಯುತ್ತದೆ. ಎಂದೆಂದಿಗೂ ಕೊಡಿ ಎಂದು ಕೇಳುವುದು ಸರಿಯಲ್ಲ, ಕೇಳಬೇಕಾಗಿಯೂ ಇಲ್ಲ. ಬಿಡುವಾಗ ಬೀಗದ ಕೈಯನ್ನು ಬಿಟ್ಟುಹೋಗಲಿ: ಕಡತದ ರಚನೆಯ ವಿವರ, ಪ್ರಿಂಟರು ಸ್ಕ್ಯಾನರುಗಳ ಚಾಲಕ ತಂತ್ರಾಂಶದ ಮೂಲ, ಬೇರೆ ವ್ಯವಸ್ಥೆ ಹಾಕಿಕೊಳ್ಳಲು ಅಡ್ಡಿಯಿಲ್ಲದ ಯಂತ್ರ. ಅಷ್ಟು ಸಿಕ್ಕರೆ ಉಳಿದದ್ದನ್ನು ಬೆಂಗಳೂರಿನ ಎಸ್‌.ಪಿ. ರಸ್ತೆಯ ಕಂಪ್ಯೂಟರ್ ಅಂಗಡಿಗಳೂ, ಪರಿವರ್ತಕ ಬರೆಯುವ ಹುಡುಗರೂ, ಶಾಲೆಯ ಮೇಷ್ಟ್ರುಗಳೂ ನೋಡಿಕೊಂಡಾರು. ಶಿಡ್ಲಘಟ್ಟದಲ್ಲಿ ಎಆರ್‌ಎಂಗೆ ಹಾಕುವ ಮುನ್ನ ದ್ವಿತಳಿ ಗೂಡನ್ನು ಹರವಿ ಆರಿಸುತ್ತಾರೆ. ಯಂತ್ರ ಒಪ್ಪದ ಜೋಡಿಗೂಡು, ತೆಳು ಗೂಡು, ಕಲೆಬಿದ್ದದ್ದು ಪಕ್ಕದ ಚೀಲಕ್ಕೆ ಬೀಳುತ್ತದೆ, ಮತ್ತು ಆ ಚೀಲವನ್ನು ಕೊಳ್ಳಲು ಚರಕದವರು ಬರುತ್ತಾರೆ.